ಕಂಪ್ಯೂಟರ್‌ಗೆ ಮುಂಗಡ ಕೊಟ್ಟವರು ಯಾರು?

ಪ್ರಶ್ನೆ: ನಾವು ಸಕಲೇಶಪುರ ತಾಲ್ಲೂಕಿನ ಕಾಫಿ ಬೆಳೆಗಾರರು. ಆನೆ ಹಿಂಡು ನಮ್ಮ ಕಡೆ ಬಂದರೆ ಮೊಬೈಲ್‌ಗೆ ಮೆಸೇಜ್ ಬರುತ್ತದೆ. ಆನೆಯ ಕೊರಳಿಗೆ ಹಾಕಿದ ರೇಡಿಯೊ ಕಾಲರ್‌ನಿಂದ ಅದು ಎಲ್ಲಿದೆ ಅಂತ ಗೊತ್ತಾಗುತ್ತದಂತೆ. ಎಂಜಿನಿಯರಿಂಗ್ ಓದುತ್ತಿರುವ ಮಗ ಹೇಳುತ್ತಾನೆ: "ಜಿಪಿಎಸ್ ಅಮೆರಿಕದ ಸೈನ್ಯದ್ದು. ಇಂಟರ್ನೆಟ್ ಅಣುಬಾಂಬ್ ಬಿದ್ದರೂ ಉಳಿಯಲಿ ಅಂತ ಮಾಡಿದ್ದು. ಯುದ್ಧ ಇಲ್ಲದಿದ್ದರೆ ಕಂಪ್ಯೂಟರೇ ಇರುತ್ತಿರಲಿಲ್ಲ." ಇದರಲ್ಲಿ ಎಷ್ಟು ನಿಜ? ನಮ್ಮ ದೇಶದಲ್ಲೂ ಹೀಗೇ ಆಯಿತೇ?

ಉತ್ತರ: ನಿಮ್ಮ ಮಗನ ಮೊದಲ ಮಾತು ಪೂರ್ತಿ ನಿಜ. ಎರಡನೆಯದು ಎಲ್ಲರೂ ಹೇಳುವ ಮಾತು, ಆದರೆ ತಪ್ಪು. ಮೂರನೆಯದಕ್ಕೆ ಹೌದು, ಇಲ್ಲ ಅಂತ ಒಂದೇ ಉಸಿರಲ್ಲಿ ಹೇಳಲು ಆಗುವುದಿಲ್ಲ. ಅದಕ್ಕೇ ಈ ಉತ್ತರ ಸ್ವಲ್ಪ ಉದ್ದವಾಗಿದೆ.

ನಿಮಗೆ ಗೊತ್ತಿರುವ ವಿಷಯದಿಂದಲೇ ಶುರು ಮಾಡುತ್ತೇನೆ. ಅರೇಬಿಕಾ ಗಿಡ ನೆಟ್ಟರೆ ಮೊದಲ ಫಸಲಿಗೆ ಮೂರು ನಾಲ್ಕು ವರ್ಷ ಕಾಯಬೇಕು. ಅಲ್ಲಿಯವರೆಗೆ ಗೊಬ್ಬರ, ನೆರಳು, ಆಳಿನ ಕೂಲಿ, ಎಲ್ಲವೂ ಖರ್ಚೇ. ಕೈಯಲ್ಲಿ ದುಡ್ಡಿಲ್ಲದವರು ವ್ಯಾಪಾರಿ ಹತ್ತಿರ ಮುಂಗಡ ತೆಗೆದುಕೊಳ್ಳುತ್ತಾರೆ. ಮುಂಗಡ ಕೊಟ್ಟವನು ಗಿಡ ನೆಟ್ಟಿಲ್ಲ, ಹಣ್ಣು ಕೊಯ್ದಿಲ್ಲ. ಆದರೆ ಫಸಲು ಯಾರ ಮನೆಗೆ ಹೋಗಬೇಕು, ಯಾವಾಗ ಹೋಗಬೇಕು ಅನ್ನುವುದರಲ್ಲಿ ಅವನ ಮಾತು ನಡೆಯುತ್ತದೆ. ಕಂಪ್ಯೂಟರ್ ವಿಷಯದಲ್ಲಿ ಸೈನ್ಯ ಮಾಡಿದ್ದು ಇದೇ ಕೆಲಸ. ಬೀಜ ಬೇರೆಯವರದು. ಫಸಲಿಲ್ಲದ ವರ್ಷಗಳ ಖರ್ಚು ಹೊತ್ತದ್ದು ಸೈನ್ಯ.

1943ಕ್ಕೆ ಹೋಗೋಣ. ಎರಡನೇ ಮಹಾಯುದ್ಧ ನಡೆಯುತ್ತಿತ್ತು. ಅಮೆರಿಕದ ಸೈನ್ಯಕ್ಕೆ ಹೊಸ ಹೊಸ ಫಿರಂಗಿಗಳು ಬರುತ್ತಿದ್ದವು. ಪ್ರತಿ ಬಗೆಯ ಫಿರಂಗಿ ಜೊತೆಗೆ ಅಂಕಿಗಳ ಒಂದು ಕೋಷ್ಟಕ ಹೋಗಬೇಕಿತ್ತು. ಗುರಿ ಇಷ್ಟು ದೂರ ಇದ್ದರೆ ನಳಿಗೆಯನ್ನು ಎಷ್ಟು ಎತ್ತಬೇಕು, ಎದುರುಗಾಳಿ ಇದ್ದರೆ ಎಷ್ಟು, ಚಳಿಗೆ ಮದ್ದು ತಣ್ಣಗಾಗಿದ್ದರೆ ಎಷ್ಟು, ಎಲ್ಲ ಅದರಲ್ಲಿರಬೇಕು. ಕೋಷ್ಟಕ ಇಲ್ಲದ ಫಿರಂಗಿಯಿಂದ ದೂರದ ಗುರಿಗೆ ಹೊಡೆಯಲು ಆಗುವುದಿಲ್ಲ.

ಆ ಲೆಕ್ಕ ಯಾಕೆ ಕಷ್ಟ ಅಂತ ಹೇಳುತ್ತೇನೆ. ಗಾಳಿಯೇ ಇಲ್ಲ ಅಂದುಕೊಂಡರೆ ಗುಂಡಿನ ಹಾದಿಯನ್ನು ಪಿಯುಸಿ ಹುಡುಗರೂ ಒಂದು ಸೂತ್ರದಲ್ಲಿ ಹೇಳುತ್ತಾರೆ. ಗಾಳಿ ಬಂದರೆ ಆ ಸೂತ್ರ ಕೈಕೊಡುತ್ತದೆ. ವೇಗ ಜಾಸ್ತಿ ಇದ್ದಷ್ಟೂ ಗಾಳಿಯ ತಡೆ ಜಾಸ್ತಿ. ತಡೆ ಬಿದ್ದರೆ ವೇಗ ತಗ್ಗುತ್ತದೆ. ವೇಗ ತಗ್ಗಿದರೆ ತಡೆಯೂ ತಗ್ಗುತ್ತದೆ. ಮೇಲೆ ಹೋದಂತೆ ಗಾಳಿ ತೆಳುವಾಗುತ್ತದೆ, ಆಗ ಇನ್ನೊಂದು ಬದಲಾವಣೆ. ಹಾಗಾಗಿ ಹಾದಿಯನ್ನು ಚೂರು ಚೂರು ಮಾಡಿ, ಒಂದೊಂದೇ ಚೂರಿಗೆ ಲೆಕ್ಕ ಹಾಕಬೇಕು.

ಹಾಸನದಲ್ಲಿ ಪಾಠ ಮಾಡುತ್ತಿದ್ದಾಗ ಇದನ್ನು ನಾನು ಮಕ್ಕಳ ಕೈಯಲ್ಲೇ ಮಾಡಿಸುತ್ತಿದ್ದೆ. ಸೆಕೆಂಡಿಗೆ 20 ಮೀಟರ್ ವೇಗದಲ್ಲಿ, 45 ಡಿಗ್ರಿ ಕೋನದಲ್ಲಿ ಒಂದು ಚೆಂಡು ಎಸೆದಿರಿ ಅನ್ನಿ. ಮುಂದಕ್ಕೆ ಹೋಗುವ ವೇಗ 14.1, ಮೇಲಕ್ಕೆ ಏರುವ ವೇಗವೂ 14.1. ಸೆಕೆಂಡಿನ ಹತ್ತರಲ್ಲಿ ಒಂದು ಭಾಗ ಕಳೆಯಿತು. ಚೆಂಡು ಮುಂದಕ್ಕೆ 1.4 ಮೀಟರ್ ಹೋಯಿತು. ಭೂಮಿಯ ಎಳೆತಕ್ಕೆ ಏರುವ ವೇಗದಲ್ಲಿ 0.98 ಕಡಿಮೆಯಾಯಿತು. ಗಾಳಿಯ ತಡೆಗೆ ಎರಡೂ ವೇಗ ಇನ್ನೊಂಚೂರು ಇಳಿಯಿತು. ಹೊಸ ವೇಗ ಬರೆದುಕೊಳ್ಳಿ. ಅದಕ್ಕೆ ಹೊಸ ತಡೆ ಎಷ್ಟು ಅಂತ ಲೆಕ್ಕ ಹಾಕಿ. ಮುಂದಿನ ಸಾಲಿಗೆ ಹೋಗಿ. ಚೆಂಡು ನೆಲಕ್ಕೆ ಬೀಳುವಷ್ಟರಲ್ಲಿ ಇಪ್ಪತ್ತೈದಕ್ಕೂ ಜಾಸ್ತಿ ಸಾಲು ಆಗಿರುತ್ತದೆ. ಮಧ್ಯೆ ಎಲ್ಲೋ ಒಂದು ಅಂಕಿ ತಪ್ಪಿದರೆ ಅದರ ಕೆಳಗಿನದೆಲ್ಲ ತಪ್ಪು. ಕೈಯಲ್ಲಿ ಕ್ಯಾಲ್ಕುಲೇಟರ್ ಇದ್ದರೂ ಒಂದು ಗಂಟೆಯ ಕ್ಲಾಸಿನಲ್ಲಿ ಎಲ್ಲರ ಉತ್ತರ ಒಂದೇ ಬಂದ ದಿನ ಇಲ್ಲ.

ಅದು ಮೂರು ಸೆಕೆಂಡ್ ಹಾರುವ ಚೆಂಡು. ಫಿರಂಗಿ ಗುಂಡು ಕಿಲೋಮೀಟರ್‌ಗಟ್ಟಲೆ ಹೋಗುತ್ತದೆ. ಪೆನ್ಸಿಲ್ವೇನಿಯಾ ವಿಶ್ವವಿದ್ಯಾಲಯದ ಮೂರ್ ಸ್ಕೂಲ್‌ನಲ್ಲಿ ಗಣಿತ ಕಲಿತ ಯುವತಿಯರು ಮೇಜಿನ ಮೇಲೆ ಲೆಕ್ಕದ ಯಂತ್ರ ಇಟ್ಟುಕೊಂಡು ಈ ಕೆಲಸ ಮಾಡುತ್ತಿದ್ದರು. ಅವರ ಹುದ್ದೆಯ ಹೆಸರೇ "ಕಂಪ್ಯೂಟರ್". ಒಂದು ಹಾದಿಗೆ ಅವರಿಗೆ 30ರಿಂದ 40 ಗಂಟೆ ಹಿಡಿಯುತ್ತಿತ್ತು. ಒಂದು ಕೋಷ್ಟಕಕ್ಕೆ ಇಂಥ ಸಾವಿರಾರು ಹಾದಿ ಬೇಕು. ಫಿರಂಗಿ ತಯಾರಾಗುವ ವೇಗಕ್ಕೆ ಕೋಷ್ಟಕ ತಯಾರಾಗುತ್ತಿರಲಿಲ್ಲ.

ಅದೇ ಮೂರ್ ಸ್ಕೂಲ್‌ನಲ್ಲಿ ಜಾನ್ ಮಾಕ್ಲಿ ಮತ್ತು ಪ್ರೆಸ್ಪರ್ ಎಕರ್ಟ್ ಇದ್ದರು. ರೇಡಿಯೊದಲ್ಲಿ ಹಾಕುವ ವಾಲ್ವ್‌ಗಳಿಂದಲೇ ಲೆಕ್ಕ ಮಾಡುವ ಯಂತ್ರ ಕಟ್ಟಬಹುದು ಅಂತ ಮಾಕ್ಲಿ 1942ರಲ್ಲೇ ಬರೆದುಕೊಟ್ಟಿದ್ದರು. ಯಾರೂ ತಲೆಗೆ ಹಾಕಿಕೊಳ್ಳಲಿಲ್ಲ. ಸೈನ್ಯದ ಅಧಿಕಾರಿ ಹರ್ಮನ್ ಗೋಲ್ಡ್‌ಸ್ಟೈನ್ ಅದರ ಬೆಲೆ ಗುರುತಿಸಿದರು. 1943ರಲ್ಲಿ ದುಡ್ಡು ಬಂತು. ಎನಿಯಾಕ್ ಯಂತ್ರ ಶುರುವಾಯಿತು. ಸುಮಾರು 18,000 ವಾಲ್ವ್, 30 ಟನ್ ತೂಕ. ಅಷ್ಟು ವಾಲ್ವ್‌ನಲ್ಲಿ ಒಂದು ಸುಟ್ಟರೂ ಲೆಕ್ಕ ತಪ್ಪುತ್ತದೆ. ದಿನಕ್ಕೆ ಎಷ್ಟು ಸುಡಬಹುದು ಅಂತ ಯೋಚಿಸಿದ ತಿಳಿದವರೇ ಇದು ನಡೆಯುವ ಮಾತಲ್ಲ ಅಂದಿದ್ದರು. ಲಾಭ ನಷ್ಟ ನೋಡುವ ಯಾವ ಕಂಪನಿಯೂ ಆಗ ಇದಕ್ಕೆ ಕೈಹಾಕುತ್ತಿರಲಿಲ್ಲ ಅಂತ ನನಗೆ ಅನ್ನಿಸುತ್ತದೆ. ಎಕರ್ಟ್ ವಾಲ್ವ್‌ಗಳಿಗೆ ಅವು ತಡೆಯುವುದಕ್ಕಿಂತ ಕಡಿಮೆ ವೋಲ್ಟೇಜ್ ಕೊಟ್ಟು ಬಾಳಿಕೆ ಬರುವಂತೆ ಮಾಡಿದರು. ಕೊನೆಗೆ ಒಂದು ಹಾದಿಯ ಲೆಕ್ಕ ಅರ್ಧ ನಿಮಿಷದಲ್ಲಿ ಮುಗಿಯಿತು. ಗುಂಡು ಹಾರಿಸಿದರೆ ಅದು ನೆಲ ಮುಟ್ಟುವ ಮೊದಲೇ ಉತ್ತರ ಸಿದ್ಧ.

ಆದರೆ ಎನಿಯಾಕ್ ಮುಗಿಯುವ ಹೊತ್ತಿಗೆ ಯುದ್ಧವೇ ಮುಗಿದಿತ್ತು. 1945ರ ಡಿಸೆಂಬರ್‌ನಲ್ಲಿ ಅದು ಮಾಡಿದ ಮೊದಲ ದೊಡ್ಡ ಲೆಕ್ಕ ಫಿರಂಗಿಯದಲ್ಲ, ಹೈಡ್ರೋಜನ್ ಬಾಂಬಿನದು. 1946ರ ಫೆಬ್ರುವರಿಯಲ್ಲಿ ಪತ್ರಕರ್ತರನ್ನು ಕರೆದು ಯಂತ್ರ ತೋರಿಸಿದರು. ಅವತ್ತು ಅದರ ಮೇಲೆ ಓಡಿದ ಲೆಕ್ಕವನ್ನು ಸಿದ್ಧ ಮಾಡಿದವರು ಹೆಂಗಸರು. ಕೇಬಲ್ ಸಿಕ್ಕಿಸಿ, ಸ್ವಿಚ್ ತಿರುಗಿಸಿ ಎನಿಯಾಕ್‌ಗೆ ಕೆಲಸ ಹೇಳಿಕೊಡುತ್ತಿದ್ದ ಆರು ಮಂದಿ ಇವರು: ಕೇ ಮೆಕ್‌ನಲ್ಟಿ, ಬೆಟ್ಟಿ ಜೆನ್ನಿಂಗ್ಸ್, ಬೆಟ್ಟಿ ಸ್ನೈಡರ್, ಮಾರ್ಲಿನ್ ವೆಸ್ಕಾಫ್, ಫ್ರಾನ್ ಬಿಲಾಸ್, ರೂತ್ ಲಿಕ್ಟರ್‌ಮನ್. ಸಂಜೆಯ ಔತಣಕ್ಕೆ ಅವರನ್ನು ಕರೆಯಲೇ ಇಲ್ಲ. ನಿಮ್ಮ ಮಗನಿಗೆ ಈ ಹೆಸರುಗಳನ್ನು ದಯವಿಟ್ಟು ಹೇಳಿ. ಪ್ರೋಗ್ರಾಮರ್ ಅನ್ನುವ ಕೆಲಸಕ್ಕೆ ಇನ್ನೂ ಹೆಸರು ಇಲ್ಲದ ಕಾಲದಲ್ಲಿ ಅದನ್ನು ಮಾಡಿದವರು ಇವರು.

ಬೆಳೆಗಾರರಾದ ನಿಮಗೆ ಇನ್ನೊಂದು ವಿಷಯ ಹತ್ತಿರದ್ದು. ಗುಂಡಿನ ಹಾದಿಯನ್ನು ಚೂರು ಚೂರು ಮಾಡಿ ಲೆಕ್ಕ ಹಾಕಿದ ಹಾಗೆ ಗಾಳಿ, ಒತ್ತಡಗಳನ್ನೂ ಚೂರು ಚೂರಾಗಿ ಲೆಕ್ಕ ಹಾಕಬಹುದು. 1950ರಲ್ಲಿ ಜೂಲ್ ಚಾರ್ನಿ, ಜಾನ್ ವಾನ್ ನಾಯ್ಮನ್ ಮತ್ತು ಜೊತೆಗಾರರು ಇದೇ ಎನಿಯಾಕ್ ಮೇಲೆ ಹವಾಮಾನ ಮುನ್ಸೂಚನೆ ಮಾಡಿದರು. ಕಂಪ್ಯೂಟರ್‌ನಿಂದ ಬಂದ ಮೊದಲ ಹವಾಮಾನ ಮುನ್ಸೂಚನೆ ಅದು. 24 ಗಂಟೆ ಮುಂದಿನದನ್ನು ಹೇಳಲು ಹೆಚ್ಚು ಕಡಿಮೆ 24 ಗಂಟೆಯೇ ಬೇಕಾಯಿತು. ಮಾರ್ಚ್ ತಿಂಗಳಲ್ಲಿ ಹೂಮಳೆ ಬರುತ್ತದೋ ಇಲ್ಲವೋ ಅಂತ ನಾವೆಲ್ಲ ಫೋನ್ ನೋಡುತ್ತೀವಲ್ಲ, ಅದರ ಹಿಂದಿರುವುದು ಅಲ್ಲಿ ಶುರುವಾದ ಲೆಕ್ಕವೇ.

ಇನ್ನು ಬೀಜದ ಮಾತು. ಕಂಪ್ಯೂಟರ್ ಅಂದರೆ ಏನು ಅಂತ ಕಾಗದದ ಮೇಲೆ ತೋರಿಸಿದವರು ಅಲನ್ ಟ್ಯೂರಿಂಗ್, 1936ರಲ್ಲಿ. ಅದು ಶುದ್ಧ ಗಣಿತದ ಪ್ರಶ್ನೆಗೆ ಉತ್ತರ. ಯುದ್ಧಕ್ಕೂ ಅದಕ್ಕೂ ಸಂಬಂಧ ಇಲ್ಲ. ಜರ್ಮನಿಯ ಕೊನ್ರಾಡ್ ಝೂಸೆ ತನ್ನ ಮೊದಲ ಯಂತ್ರವನ್ನು ಅಪ್ಪ ಅಮ್ಮನ ಮನೆಯಲ್ಲೇ ಕಟ್ಟಿದರು. ವಾಲ್ವ್ ಮಾಡುವ ಕೆಲಸವನ್ನೇ ಪುಟ್ಟದಾಗಿ ಮಾಡುವ ಟ್ರಾನ್ಸಿಸ್ಟರನ್ನು 1947ರಲ್ಲಿ ಮಾಡಿದ್ದು ಟೆಲಿಫೋನ್ ಕಂಪನಿಯ ಪ್ರಯೋಗಾಲಯ. ನನಗೆ ತುಂಬ ಇಷ್ಟವಾದ ಉದಾಹರಣೆ ಬ್ರಿಟನ್ನಿನದು. ಅಲ್ಲಿ ಟೀ ಅಂಗಡಿಗಳ ಸರಣಿ ನಡೆಸುತ್ತಿದ್ದ ಲಯನ್ಸ್ ಕಂಪನಿ ತನ್ನ ಲೆಕ್ಕಪತ್ರಕ್ಕೆ ಲಿಯೊ ಅನ್ನುವ ಕಂಪ್ಯೂಟರನ್ನು ತಾನೇ ಕಟ್ಟಿಕೊಂಡಿತು. 1951ರಲ್ಲಿ ಅದು ಬೇಕರಿಯ ಲೆಕ್ಕ ಮಾಡಲು ಶುರು ಮಾಡಿತು. ಹಾಗಾಗಿ ಯುದ್ಧ ಇಲ್ಲದಿದ್ದರೂ ಕಂಪ್ಯೂಟರ್ ಬರುತ್ತಿತ್ತು ಅನ್ನುವುದೇ ನನ್ನ ಅಭಿಪ್ರಾಯ. ತಡವಾಗಿ ಬರುತ್ತಿತ್ತು, ಬೇರೆ ರೂಪದಲ್ಲಿ ಬರುತ್ತಿತ್ತು.

ಮುಂಗಡ ಕೊಟ್ಟವನು ಫಸಲನ್ನು ಬೀಗ ಹಾಕಿ ಇಟ್ಟ ಉದಾಹರಣೆಯೂ ಇದೆ. ಜರ್ಮನ್ ಸೇನಾ ನಾಯಕರ ಗುಪ್ತ ಸಂದೇಶ ಒಡೆಯಲು ಬ್ರಿಟನ್ನಿನ ಬ್ಲೆಚ್ಲಿ ಪಾರ್ಕ್‌ನಲ್ಲಿ ಕೊಲೊಸಸ್ ಅನ್ನುವ ಯಂತ್ರ ಇತ್ತು. ಅದು ಎನಿಯಾಕ್‌ಗಿಂತ ಮೊದಲು, 1944ರಲ್ಲೇ ಕೆಲಸ ಮಾಡುತ್ತಿತ್ತು. ಕಟ್ಟಿದವರು ಟಾಮಿ ಫ್ಲವರ್ಸ್, ಅಂಚೆ ಇಲಾಖೆಯ ಟೆಲಿಫೋನ್ ಎಂಜಿನಿಯರ್. ವಾಲ್ವ್‌ಗಳನ್ನು ನಂಬಲು ಆಗುವುದಿಲ್ಲ ಅಂತ ಎಲ್ಲರೂ ಹೇಳಿದಾಗ ಅವರು ಒಪ್ಪಲಿಲ್ಲ. ಟೆಲಿಫೋನ್ ಎಕ್ಸ್‌ಚೇಂಜ್‌ನ ಅನುಭವದಿಂದ ಅವರಿಗೆ ಒಂದು ಗುಟ್ಟು ಗೊತ್ತಿತ್ತು. ವಾಲ್ವ್ ಕೆಡುವುದು ಹಚ್ಚಿ ಆರಿಸುವಾಗ. ಒಮ್ಮೆ ಹಚ್ಚಿ ಹಾಗೇ ಬಿಟ್ಟರೆ ವರ್ಷಗಟ್ಟಲೆ ಬಾಳುತ್ತದೆ. ಹಳೇ ಬಲ್ಬು ಸ್ವಿಚ್ ಹಾಕಿದ ಕ್ಷಣವೇ ಪಟ್ ಅಂತ ಹೋಗುತ್ತಿತ್ತು ಅಲ್ವಾ, ಹಾಗೇ. ಯುದ್ಧ ಮುಗಿಯುವಷ್ಟರಲ್ಲಿ ಹತ್ತು ಕೊಲೊಸಸ್ ಇದ್ದವು. ಆಮೇಲೆ ಹೆಚ್ಚಿನವನ್ನು ಒಡೆದು ಹಾಕಿದರು. ನಕ್ಷೆಗಳನ್ನು ನಾಶ ಮಾಡಬೇಕು ಅಂತ ಆಜ್ಞೆ ಬಂತು. ಫ್ಲವರ್ಸ್ ತಮ್ಮ ಕೈಯಾರೆ ಅವನ್ನು ಒಲೆಗೆ ಹಾಕಿದರು. 1970ರ ದಶಕದವರೆಗೆ ಅವರು ಮಾಡಿದ ಕೆಲಸ ಹೊರಗಿನವರಿಗೆ ಗೊತ್ತೇ ಇರಲಿಲ್ಲ. ಇದನ್ನು ಹೇಳುವಾಗಲೆಲ್ಲ ನನಗೆ ಸಂಕಟವಾಗುತ್ತದೆ.

1949ರಲ್ಲಿ ಸೋವಿಯತ್ ದೇಶ ಅಣುಬಾಂಬ್ ಪರೀಕ್ಷಿಸಿತು. ಅಲ್ಲಿಂದ ಅಮೆರಿಕದ ಖರ್ಚಿಗೆ ಮಿತಿಯೇ ಇರಲಿಲ್ಲ. ಶತ್ರು ವಿಮಾನ ಬರುತ್ತಿದೆಯೇ ಅಂತ ರಾಡಾರ್‌ಗಳ ಮಾಹಿತಿಯನ್ನು ಆ ಕ್ಷಣವೇ ಒಟ್ಟು ಮಾಡಿ ತೋರಿಸುವ ವ್ಯವಸ್ಥೆ ಬೇಕಿತ್ತು. ಅದರ ಹೆಸರು ಸೇಜ್. ಅಮೆರಿಕದ ಎಂಐಟಿ ವಿಶ್ವವಿದ್ಯಾಲಯದಲ್ಲಿ ಜೇ ಫಾರೆಸ್ಟರ್ ತಂಡ ನೌಕಾಪಡೆಗೆ ಅಂತ ಶುರು ಮಾಡಿದ್ದ ವರ್ಲ್‌ವಿಂಡ್ ಕಂಪ್ಯೂಟರ್ ಇದಕ್ಕೆ ತಳಹದಿಯಾಯಿತು. ಅದಕ್ಕೆ 1953ರಲ್ಲಿ ಹೊಸ ಬಗೆಯ ನೆನಪು ಬಂತು. ರಾಗಿ ಕಾಳಿನಂಥ ಪುಟ್ಟ ಪುಟ್ಟ ಕಾಂತದ ಉಂಗುರಗಳು, ಅವುಗಳ ಒಳಗೆ ಅಡ್ಡ ಉದ್ದ ಹಾಯುವ ತೆಳು ತಂತಿ. ಉಂಗುರದ ಕಾಂತ ಒಂದು ಕಡೆ ತಿರುಗಿದ್ದರೆ ಒಂದು, ಇನ್ನೊಂದು ಕಡೆ ತಿರುಗಿದ್ದರೆ ಸೊನ್ನೆ. ಮುಂದೆ ಇಂಥ ಉಂಗುರಗಳನ್ನು ಕಾರ್ಖಾನೆಗಳಲ್ಲಿ ಹೆಂಗಸರು ಹೂ ಪೋಣಿಸಿದಂತೆ ಕೈಯಲ್ಲೇ ಪೋಣಿಸುತ್ತಿದ್ದರು. ಸುಮಾರು ಇಪ್ಪತ್ತು ವರ್ಷ ಜಗತ್ತಿನ ಕಂಪ್ಯೂಟರ್‌ಗಳ ನೆನಪು ಅದರಲ್ಲೇ ಇತ್ತು.

ಸೇಜ್‌ನ ಮೊದಲ ಕೇಂದ್ರ 1958ರಲ್ಲಿ ಶುರುವಾಯಿತು. ಅಲ್ಲಿನ ಸೈನಿಕ ಪರದೆಯ ಮುಂದೆ ಕೂತು, ಕೈಯಲ್ಲಿದ್ದ ಬೆಳಕಿನ ಗನ್ನನ್ನು ಪರದೆಯ ಚುಕ್ಕೆಗೆ ಹಿಡಿದು ಒತ್ತುತ್ತಿದ್ದ. ಆ ವಿಮಾನದ ವಿವರ ಪರದೆ ಮೇಲೆ ಬರುತ್ತಿತ್ತು. ನೀವು ಇವತ್ತು ಫೋನಿನ ಪರದೆ ಮೇಲೆ ಬೆರಳಿಡುತ್ತೀರಲ್ಲ, ಅದರ ಅಜ್ಜ ಇದು. ದೂರದ ರಾಡಾರ್‌ನಿಂದ ಟೆಲಿಫೋನ್ ತಂತಿಯಲ್ಲಿ ಅಂಕಿಗಳು ಬರುತ್ತಿದ್ದವು. ಒಂದು ಕಂಪ್ಯೂಟರ್ ಕೆಟ್ಟರೆ ಪಕ್ಕದಲ್ಲಿ ಇನ್ನೊಂದು ಸಿದ್ಧವಾಗಿರುತ್ತಿತ್ತು. ರಕ್ಷಣೆಯ ದೃಷ್ಟಿಯಿಂದ ನೋಡಿದರೆ ಸೇಜ್ ಬೇಗ ಹಳತಾಯಿತು. ಅದು ಸಿದ್ಧವಾಗುವಷ್ಟರಲ್ಲಿ ವಿಮಾನದ ಜಾಗಕ್ಕೆ ಕ್ಷಿಪಣಿ ಬಂದಿತ್ತು. ಆದರೆ ಅದರ ಕಂಪ್ಯೂಟರ್ ಕಟ್ಟಿದ ಐಬಿಎಂ ಕಂಪನಿ ಅಲ್ಲಿ ಕಲಿತದ್ದನ್ನು ವಿಮಾನ ಟಿಕೆಟ್ ಬುಕಿಂಗ್‌ಗೆ ತಂದಿತು. ಅರಸೀಕೆರೆ ಸ್ಟೇಷನ್ ಕೌಂಟರ್‌ನಲ್ಲಿ ಕೂತವರು ಎಲ್ಲೋ ದೂರದ ಕಂಪ್ಯೂಟರ್ ಕೇಳಿ, ಸೀಟು ಇದೆ ಅಂತ ಆಗಲೇ ಹೇಳುತ್ತಾರಲ್ಲ, ಅದೂ ಇದೇ ವಿಚಾರ.

ಹಲವು ಟ್ರಾನ್ಸಿಸ್ಟರ್‌ಗಳನ್ನು ಒಂದೇ ಚೂರಿನಲ್ಲಿ ಕೂರಿಸಿದ ಚಿಪ್‌ನ ಕಥೆಯೂ ಮುಂಗಡದ್ದೇ. 1958ರಲ್ಲಿ ಜಾಕ್ ಕಿಲ್ಬಿ, 1959ರಲ್ಲಿ ರಾಬರ್ಟ್ ನಾಯ್ಸ್ ಇಬ್ಬರೂ ಖಾಸಗಿ ಕಂಪನಿಗಳಲ್ಲಿ ಇದ್ದು ಇದನ್ನು ಕಂಡುಹಿಡಿದರು. ಆಗ ಚಿಪ್ ತುಂಬ ದುಬಾರಿ. ಮಿನಿಟ್‌ಮನ್ ಕ್ಷಿಪಣಿ ಮತ್ತು ಚಂದ್ರನಿಗೆ ಹೋದ ಅಪೊಲೊ ನೌಕೆ, ಇವೆರಡೂ ಬೆಲೆ ನೋಡದೆ ರಾಶಿ ರಾಶಿ ಕೊಂಡವು. ಜಾಸ್ತಿ ಮಾಡಿದಂತೆ ಕೈ ಪಳಗಿತು, ಬೆಲೆ ಇಳಿಯಿತು. ಆಮೇಲೆ ಉಳಿದವರೂ ಕೊಂಡರು.

ಈಗ ಇಂಟರ್ನೆಟ್. ಅಣುಬಾಂಬ್ ಮಾತು ಎಲ್ಲಿಂದ ಬಂತು ಅಂದರೆ, 1960ರ ದಶಕದ ಶುರುವಿನಲ್ಲಿ ಅಮೆರಿಕದ ರ್‍ಯಾಂಡ್ ಸಂಶೋಧನಾ ಸಂಸ್ಥೆಯ ಪಾಲ್ ಬರಾನ್ ಅಂಥದ್ದೊಂದು ಜಾಲದ ಬಗ್ಗೆ ಬರೆದಿದ್ದರು. ಸಂದೇಶವನ್ನು ತುಂಡು ಮಾಡಿ ಬೇರೆ ಬೇರೆ ದಾರಿಯಲ್ಲಿ ಕಳಿಸಿದರೆ, ಕೆಲವು ದಾರಿ ಹಾಳಾದರೂ ಸಂದೇಶ ತಲುಪುತ್ತದೆ ಅನ್ನುವ ವಿಚಾರ. ಅವರ ಜಾಲವನ್ನು ಯಾರೂ ಕಟ್ಟಲಿಲ್ಲ. ಬ್ರಿಟನ್ನಿನ ಡೊನಾಲ್ಡ್ ಡೇವಿಸ್‌ಗೂ ಅದೇ ವಿಚಾರ ಸ್ವತಂತ್ರವಾಗಿ ಹೊಳೆಯಿತು. ಅವರ ತಲೆಯಲ್ಲಿ ಬಾಂಬ್ ಇರಲಿಲ್ಲ.

ನಿಜವಾಗಿ ಕಟ್ಟಿದ ಜಾಲ ಆರ್ಪಾನೆಟ್. ದುಡ್ಡು ರಕ್ಷಣಾ ಇಲಾಖೆಯ ಆರ್ಪಾ ಸಂಸ್ಥೆಯದು. ಆ ಸಂಸ್ಥೆ ಹುಟ್ಟಿದ್ದೇ 1957ರಲ್ಲಿ ಸೋವಿಯತ್ ದೇಶದ ಸ್ಪುಟ್ನಿಕ್ ಉಪಗ್ರಹ ಹಾರಿದ ಗಾಬರಿಯಿಂದ. ಆದರೆ ಜಾಲ ಬೇಕು ಅನ್ನಿಸಿದ ಕಾರಣ ತುಂಬ ಸರಳ. ಆರ್ಪಾದ ಬಾಬ್ ಟೇಲರ್ ಪೆಂಟಗನ್ ಆಫೀಸಿನಲ್ಲಿ ಮೂರು ಟರ್ಮಿನಲ್, ಅಂದರೆ ದೂರದ ಕಂಪ್ಯೂಟರ್‌ಗೆ ಟೈಪ್ ಮಾಡಿ ಕೆಲಸ ಹೇಳುವ ಯಂತ್ರಗಳು ಇದ್ದವು. ಒಂದೊಂದೂ ಬೇರೆ ಬೇರೆ ಊರಿನ ಒಂದೊಂದು ಕಂಪ್ಯೂಟರ್‌ಗೆ. ಒಂದಕ್ಕೆ ಹೇಳಿದ್ದನ್ನು ಇನ್ನೊಂದಕ್ಕೆ ಹೇಳಬೇಕಾದರೆ ಎದ್ದು ಹೋಗಿ ಪಕ್ಕದ ಕುರ್ಚಿಯಲ್ಲಿ ಕೂತು ಮತ್ತೆ ಶುರು ಮಾಡಬೇಕು. ಒಂದೇ ಟರ್ಮಿನಲ್‌ನಿಂದ ಎಲ್ಲ ಕಡೆಗೂ ಯಾಕೆ ಹೋಗಬಾರದು ಅಂತ ಅವರು ಕೇಳಿದರು. ವಿಶ್ವವಿದ್ಯಾಲಯಗಳ ದುಬಾರಿ ಕಂಪ್ಯೂಟರ್‌ಗಳನ್ನು ಹಂಚಿಕೊಂಡು ಬಳಸುವುದು ಅದರ ಉದ್ದೇಶ. 1969ರ ಅಕ್ಟೋಬರ್ 29ರಂದು ಲಾಸ್ ಏಂಜಲಿಸ್‌ನಿಂದ "ಲಾಗಿನ್" ಅನ್ನುವ ಪದ ಕಳಿಸಲು ಹೋದರು. ಮೊದಲ ಎರಡು ಅಕ್ಷರ ಹೋಯಿತು, ಆಚೆ ಕಡೆಯ ಯಂತ್ರ ನಿಂತುಹೋಯಿತು. ಅಣುದಾಳಿಯನ್ನು ತಾಳಿಕೊಳ್ಳಲಿ ಅಂತ ಕಟ್ಟಿದ ಜಾಲ ಅದಲ್ಲ.

ನಮ್ಮ ದೇಶದ ಮಾತಿಗೆ ಬರುತ್ತೇನೆ. ಇಲ್ಲಿ ಶುರು ಸೈನ್ಯದಿಂದ ಆಗಲಿಲ್ಲ. 1955ರ ಹೊತ್ತಿಗೆ ಬಂದ ಮೊದಲ ಕಂಪ್ಯೂಟರ್ ಕೋಲ್ಕತ್ತದ ಭಾರತೀಯ ಸಂಖ್ಯಾಶಾಸ್ತ್ರ ಸಂಸ್ಥೆಯದು. ಮುಂಬೈಯ ಟಾಟಾ ಮೂಲಭೂತ ಸಂಶೋಧನಾ ಸಂಸ್ಥೆ ತನ್ನದೇ ಟಿಫ್ರಾಕ್ ಕಂಪ್ಯೂಟರ್ ಕಟ್ಟಿ 1960ರಲ್ಲಿ ಬಳಕೆಗೆ ತಂದಿತು. 1962ರ ಚೀನಾ ಯುದ್ಧ ಎಲ್ಲರ ಕಣ್ಣು ತೆರೆಸಿತು. ಎಲೆಕ್ಟ್ರಾನಿಕ್ಸ್‌ಗೆ ಹೊರದೇಶವನ್ನೇ ನಂಬಿದರೆ ಕಷ್ಟ ಅಂತ ಹೋಮಿ ಭಾಭಾ ಅಧ್ಯಕ್ಷತೆಯಲ್ಲಿ ಸಮಿತಿ ಬಂತು. 1967ರಲ್ಲಿ ಹೈದರಾಬಾದಿನಲ್ಲಿ ಇಸಿಐಎಲ್ ಅನ್ನುವ ಸರ್ಕಾರಿ ಎಲೆಕ್ಟ್ರಾನಿಕ್ಸ್ ಕಂಪನಿ ಹುಟ್ಟಿತು. ಬೆಂಗಳೂರಿನ ಬಿಇಎಲ್ ಅದಕ್ಕೂ ಮೊದಲೇ, 1954ರಲ್ಲಿ ಸೇನೆಗೆ ಬೇಕಾದ ಎಲೆಕ್ಟ್ರಾನಿಕ್ಸ್‌ಗಾಗಿ ಶುರುವಾಗಿತ್ತು. ನಾವು ಮತ ಹಾಕುವ ಯಂತ್ರಗಳನ್ನು ಮಾಡುವುದು ಈ ಎರಡೇ ಕಾರ್ಖಾನೆ.

ನಮ್ಮಲ್ಲಿ ಬೇರೆಯವರ ಸೈನ್ಯದ ಭಯವೂ ಕೆಲಸ ಮಾಡಿತು. 1980ರ ದಶಕದಲ್ಲಿ ನಮಗೆ ಅಮೆರಿಕದ ಕ್ರೇ ಕಂಪನಿಯ ಸೂಪರ್‌ಕಂಪ್ಯೂಟರ್, ಅಂದರೆ ತುಂಬ ವೇಗದ ಕಂಪ್ಯೂಟರ್ ಬೇಕಿತ್ತು. ಹವಾಮಾನ ಲೆಕ್ಕಕ್ಕೆ ಅಮೆರಿಕ ಒಂದನ್ನು ಕೊಟ್ಟಿತು. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಗೆ ಬೇಕಿದ್ದ ಹೆಚ್ಚು ಶಕ್ತಿಯ ಯಂತ್ರ ಕೊಡಲಿಲ್ಲ. ಕಾರಣ ನಿಮಗೆ ಈಗ ಊಹಿಸಲು ಬರುತ್ತದೆ. ಮಳೆಯ ಲೆಕ್ಕ ಮಾಡುವ ಯಂತ್ರ ಬಾಂಬಿನ ಲೆಕ್ಕವನ್ನೂ ಮಾಡುತ್ತದೆ. ಎನಿಯಾಕ್ ಎರಡನ್ನೂ ಮಾಡಿತ್ತಲ್ಲ. 1988ರಲ್ಲಿ ಪುಣೆಯಲ್ಲಿ ಸಿ-ಡ್ಯಾಕ್ ಅನ್ನುವ ಸರ್ಕಾರಿ ಕಂಪ್ಯೂಟರ್ ಸಂಶೋಧನಾ ಕೇಂದ್ರ ಶುರುವಾಯಿತು. ವಿಜಯ್ ಭಾಟ್ಕರ್ ಮುಂದಾಳತ್ವದಲ್ಲಿ 1991ಕ್ಕೆ ನಮ್ಮದೇ ಸೂಪರ್‌ಕಂಪ್ಯೂಟರ್ ಪರಮ್ 8000 ತಯಾರಾಯಿತು.

ಕೊನೆಗೆ ನಿಮ್ಮ ಆನೆ. ಜಿಪಿಎಸ್‌ನ ಬೇರು ಇರುವುದು ಸ್ಪುಟ್ನಿಕ್‌ನಲ್ಲಿ. ಅದರ ಬೀಪ್ ಸದ್ದು ಹತ್ತಿರ ಬಂದಾಗ ಮತ್ತು ದೂರ ಹೋದಾಗ ಸ್ವಲ್ಪ ಬದಲಾಗುವುದನ್ನು ಅಮೆರಿಕದ ವಿಜ್ಞಾನಿಗಳು ಅಳೆದರು, ಅದರಿಂದ ಅದರ ಹಾದಿ ಹೇಳಿದರು. ಹಾದಿ ಗೊತ್ತಿದ್ದರೆ ತಿರುಗಿಸಿ ನಮ್ಮ ಜಾಗವನ್ನೂ ಹೇಳಬಹುದು ಅಲ್ವಾ? ನೌಕಾಪಡೆಗೆ ಜಲಾಂತರ್ಗಾಮಿಗಳ ಜಾಗ ತಿಳಿಯಲು ಇದೇ ಬೇಕಿತ್ತು. ಟ್ರಾನ್ಸಿಟ್ ಅನ್ನುವ ವ್ಯವಸ್ಥೆ ಬಂತು. 1973ರಲ್ಲಿ ಜಿಪಿಎಸ್ ಯೋಜನೆ ಶುರುವಾಯಿತು. 1978ರಲ್ಲಿ ಅದರ ಮೊದಲ ಉಪಗ್ರಹ ಹೋಯಿತು. 1983ರಲ್ಲಿ ದಾರಿ ತಪ್ಪಿದ ಕೊರಿಯಾದ ಪ್ರಯಾಣಿಕ ವಿಮಾನವನ್ನು ಸೋವಿಯತ್ ಪಡೆ ಹೊಡೆದುರುಳಿಸಿತು. 269 ಜನ ಸತ್ತರು. ಆಮೇಲೆ ರೇಗನ್ ಸರ್ಕಾರ ಜಿಪಿಎಸ್ ಎಲ್ಲರಿಗೂ ಸಿಗುತ್ತದೆ ಅಂದಿತು. ಆದರೂ ಸೈನ್ಯಕ್ಕೆ ಒಂದು ಅಳತೆ, ಜನರಿಗೆ ಇನ್ನೊಂದು. ಜನರಿಗೆ ಸಿಗುವ ಸಂಕೇತವನ್ನು ಬೇಕೆಂದೇ ಕೆಡಿಸಿ, ಸುಮಾರು 100 ಮೀಟರ್ ವ್ಯತ್ಯಾಸ ಬರುವಂತೆ ಇಟ್ಟಿದ್ದರು. 2000ದ ಮೇ ತಿಂಗಳಲ್ಲಿ ಅದನ್ನು ತೆಗೆದರು. 100 ಮೀಟರ್ ಅಂದರೆ ಆನೆ ನಿಮ್ಮ ಕಣದಲ್ಲಿದೆಯೋ ರಸ್ತೆ ಆಚೆಗಿದೆಯೋ ಗೊತ್ತಾಗದಷ್ಟು ದೂರ.

ತಾನು ಎಲ್ಲಿದ್ದೇನೆ ಅಂತ ತಿಳಿಯಲು ಕಾಲರ್ ಉಪಗ್ರಹಗಳಿಗೆ ಏನೂ ಕಳಿಸುವುದಿಲ್ಲ, ಬರೀ ಕೇಳಿಸಿಕೊಳ್ಳುತ್ತದೆ. ಕನಿಷ್ಠ ನಾಲ್ಕು ಉಪಗ್ರಹಗಳ ಸಮಯದ ಸಂಕೇತ ಹಿಡಿದು, ಯಾವುದು ಎಷ್ಟು ತಡವಾಗಿ ಬಂತು ಅನ್ನುವುದರಿಂದ ಜಾಗ ಲೆಕ್ಕ ಹಾಕುತ್ತದೆ. ಇನ್ನೊಬ್ಬರ ಸೈನ್ಯದ ಗಡಿಯಾರವನ್ನೇ ನಂಬಿ ಕೂರಬಾರದು ಅಂತ ನಮ್ಮ ಇಸ್ರೊ 2013ರಿಂದ ತನ್ನದೇ ದಾರಿ ತೋರಿಸುವ ಉಪಗ್ರಹಗಳನ್ನು ಹಾರಿಸಿತು. ಅದರ ಹೆಸರು ನಾವಿಕ್. ಮೊದಲ ಉಪಗ್ರಹ ರಾಕೆಟ್‌ನಿಂದ ಬಿಡಿಸಿಕೊಂಡ ಮೇಲೆ ಅದರ ಹಿಡಿತ ತೆಗೆದುಕೊಂಡದ್ದು ಹಾಸನದ ಮಾಸ್ಟರ್ ಕಂಟ್ರೋಲ್ ಫೆಸಿಲಿಟಿ. 1982ರಲ್ಲಿ ಇನ್ಸಾಟ್‌ಗಾಗಿ ಶುರುವಾದ ಕೇಂದ್ರ ಅದು. ಮುಂದಿನ ಸಲ ಊರಿಗೆ ಬಂದಾಗ ಮಗನನ್ನು ಸಾಲಗಾಮೆ ರಸ್ತೆ ಕಡೆ ಕರೆದುಕೊಂಡು ಹೋಗಿ. ಆಕಾಶಕ್ಕೆ ಮುಖ ಮಾಡಿದ ಆ ದೊಡ್ಡ ಆಂಟೆನಾಗಳನ್ನು ತೋರಿಸಿ.